ಬಾಳೆಪಟ್ಟೆಯಿಂದ ಮಗ್ಗದವರೆಗೆ: ಕೈಯಿಂದ ನಾರು ತೆಗೆದು ನೇಯುವ ಕ್ರಮ

ಬಾಳೆಗಿಡ ಗೊನೆ ಕೊಡುವುದು ಒಂದೇ ಸಲ. ಗೊನೆ ಇಳಿಸಿದ ಮೇಲೆ ಗಿಡವನ್ನು ಕಡಿದು ತೋಟದ ಮೂಲೆಯಲ್ಲಿ ಕೊಳೆಯಲು ಹಾಕುವುದು ನಮ್ಮಲ್ಲಿ ವಾಡಿಕೆ; ಹೆಚ್ಚೆಂದರೆ ಒಳಗಿನ ದಿಂಡು ಪಲ್ಯಕ್ಕೆ ಹೋಗುತ್ತದೆ, ಹೊರಗೆ ಒಣಗಿ ಜೋತುಬಿದ್ದ ಪಟ್ಟೆ ಹೂ ಕಟ್ಟುವವರ ಕೈ ಸೇರುತ್ತದೆ. ಇವೆರಡರ ನಡುವೆ ಉಳಿಯುವ ಹಸಿ ಪಟ್ಟೆಗಳಲ್ಲಿ ನೇಯಲು ಯೋಗ್ಯವಾದ, ಗಟ್ಟಿಯಾದ, ಹೊಳಪುಳ್ಳ ನಾರು ಇದೆ. ಅದನ್ನು ಯಂತ್ರದ ನೆರವಿಲ್ಲದೆ ಕೈಯಿಂದಲೇ ತೆಗೆದು, ಎಳೆಯಾಗಿ ಜೋಡಿಸಿ, ಮನೆಯಲ್ಲಿ ಮಾಡಿಕೊಳ್ಳಬಹುದಾದ ಚೌಕಟ್ಟಿನ ಮಗ್ಗದ ಮೇಲೆ 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದದ ಒಂದು ಟೇಬಲ್ ಮ್ಯಾಟ್ ನೇಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಆರಂಭಿಸುವ ಮೊದಲು ಯಾವ ನಾರಿನ ಮಾತು ಇದು ಎಂಬುದು ಸ್ಪಷ್ಟವಾಗಿರಬೇಕು. ಹೂವಿನ ಅಂಗಡಿಯಲ್ಲಿ ನೀರಿನಲ್ಲಿ ನೆನೆಸಿಟ್ಟು ಬೇಕಾದ ಹಾಗೆ ಸೀಳಿಕೊಳ್ಳುವ ಬಾಳೆನಾರು ಒಣಪಟ್ಟೆಯ ಸೀಳು. ಅದರಲ್ಲಿ ನಾರಿನ ಜೊತೆಗೆ ತಿರುಳೂ ಸಿಪ್ಪೆಯೂ ಅಂಟಿಕೊಂಡಿರುತ್ತವೆ. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಮಹಿಳೆಯರು ಬಾಳೆಪಟ್ಟೆಯನ್ನು ಒಣಗಿಸಿ, ಸೀಳಿ, ಹುರಿ ಹೊಸೆದು ಚೀಲ ಮತ್ತು ಬುಟ್ಟಿಗಳನ್ನು ಮಾಡುತ್ತಾರೆ. ಅದು ಸೊಗಸಾದ ಕೆಲಸ, ಆದರೆ ಅದರ ದಾರಿ ಬೇರೆ. ಇನ್ನು ದಿಂಡನ್ನು ಬಿಲ್ಲೆಯಾಗಿ ಹೆಚ್ಚುವಾಗ ಚಾಕುವಿನ ಹಿಂದೆಯೇ ಎಳೆದುಕೊಂಡು ಬರುವ, ಅಡುಗೆಯವರು ಬೆರಳಿಗೆ ಸುತ್ತಿ ಸುತ್ತಿ ತೆಗೆದು ಬಿಸಾಡುವ ಆ ನೂಲಿಗೆ ಬಲವೇ ಇಲ್ಲ. ನೇಯ್ಗೆಗೆ ಬೇಕಾದದ್ದು ಹಸಿಪಟ್ಟೆಯನ್ನು ಕೆರೆದು, ತಿರುಳನ್ನು ಪೂರ್ತಿ ಕಳೆದ ಮೇಲೆ ಉಳಿಯುವ ಶುದ್ಧ ನಾರು.

ಈ ನಾರಿನ ನೇಯ್ಗೆ ಬಹಳ ಎತ್ತರಕ್ಕೆ ಬೆಳೆದದ್ದು ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳಲ್ಲಿ. ಅಲ್ಲಿನ ಕಿಜೋಕಾ ಊರಿನ ಬಾಶೋಫು ಎಂಬ ಬಾಳೆನಾರಿನ ಬಟ್ಟೆಗೆ ಜಪಾನ್ ಸರ್ಕಾರ 1974ರಲ್ಲಿ ರಾಷ್ಟ್ರೀಯ ಮಾನ್ಯತೆ ನೀಡಿತು. ಎರಡನೆಯ ಮಹಾಯುದ್ಧದ ನಂತರ ಆ ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಿದ ತೈರಾ ತೋಶಿಕೋ ಅವರನ್ನು 2000ದಲ್ಲಿ ಆ ದೇಶದ ಜೀವಂತ ರಾಷ್ಟ್ರೀಯ ನಿಧಿಗಳಲ್ಲಿ ಒಬ್ಬರೆಂದು ಗೌರವಿಸಲಾಯಿತು. 2022ರಲ್ಲಿ, 101ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ಕಿಮೋನೋಗೆ ಸಾಲುವಷ್ಟು ಬಟ್ಟೆಗೆ ಸುಮಾರು 200 ಗಿಡಗಳು ಬೇಕೆಂಬುದು ಅಲ್ಲಿಯವರ ಲೆಕ್ಕ. ಅವರು ಬೆಳೆಸುವುದು ಹಣ್ಣಿನ ಬಾಳೆಯನ್ನಲ್ಲ, ನಾರಿಗೆಂದೇ ಇರುವ ಬಾಳೆಯನ್ನು. ನಮ್ಮ ತೋಟದ ಬಾಳೆಯ ನಾರು ಅದಕ್ಕಿಂತ ಒರಟು. ಆದ್ದರಿಂದ ಅವರಂತೆ ಹಾಸನ್ನೂ (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು) ಹೊಕ್ಕನ್ನೂ (ಅಡ್ಡಕ್ಕೆ ತೂರಿಸುವ ಎಳೆ) ಬಾಳೆಯಲ್ಲೇ ಮಾಡಲು ಹೊರಡುವುದು ಕಲಿಯುವವರಿಗೆ ತಕ್ಕ ಹಾದಿಯಲ್ಲ. ಚೆನ್ನೈ ಸಮೀಪದ ಅನಕಾಪುತ್ತೂರಿನ ನೇಕಾರರು ಬಾಳೆನಾರನ್ನು ಬೇರೆ ನೂಲಿನ ಜೊತೆ ಸೇರಿಸಿ ಸೀರೆ ನೇಯುತ್ತಾರೆ. ನಾವೂ ಹಾಸಿನ ಎಳೆಗಳಿಗೆ ಹತ್ತಿಯ ನೂಲನ್ನು, ಹೊಕ್ಕಿಗೆ ಬಾಳೆನಾರನ್ನು ಇಟ್ಟುಕೊಳ್ಳೋಣ. ಪದರಗಳ ವಿಂಗಡಣೆ, ಬೂದಿನೀರು ಮತ್ತು ಗಂಟು, ಈ ಮೂರನ್ನು ಓಕಿನಾವಾದವರಿಂದ ಕಲಿಯುವುದು ಒಳ್ಳೆಯದು.

ಹತ್ತಿಯ ಕೆಲಸ ಗೊತ್ತಿದ್ದವರು ಇಲ್ಲಿ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಹತ್ತಿಯ ನಾರು ಎರಡು ಮೂರು ಸೆಂಟಿಮೀಟರಿನಷ್ಟು ಮಾತ್ರ ಉದ್ದವಿರುವುದರಿಂದ ಅದನ್ನು ನೂಲದೆ ಎಳೆಯಾಗದು. ಬಾಳೆಯ ನಾರಾದರೋ ಪಟ್ಟೆ ಎಷ್ಟು ಉದ್ದವೋ ಅಷ್ಟು ಉದ್ದ ಬರುತ್ತದೆ. ಜೊತೆಗೆ ಅದರಲ್ಲಿ ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಶ ಇರುವುದರಿಂದ ಸೆಡೆತವೂ ಹೆಚ್ಚು. ಅದನ್ನು ರಾಟೆಗೆ ಹಾಕಿ ಹಿಂಸಿಸುವ ಬದಲು ತುದಿಗೆ ತುದಿ ಗಂಟಿಕ್ಕಿ ಉದ್ದ ಮಾಡುವುದೇ ಸರಿ. ಬಟ್ಟೆ ಚೆನ್ನಾಗುವುದೋ ಕೆಡುವುದೋ ಎಂಬುದು ಮಗ್ಗದ ಮುಂದೆ ಕೂರುವ ಮೊದಲೇ, ಪದರ ಬಿಡಿಸುವಲ್ಲಿ ಮತ್ತು ಗಂಟು ಹಾಕುವಲ್ಲಿ, ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಆದ್ದರಿಂದ ಈ ಬರಹದಲ್ಲಿಯೂ ನೇಯ್ಗೆಗಿಂತ ಸಿದ್ಧತೆಗೆ ಹೆಚ್ಚು ಜಾಗ ಸಂದಿದೆ.

ಗಿಡ ಮತ್ತು ಪಟ್ಟೆ

ಗೊನೆ ಇಳಿಸಿದ ಎರಡು ಮೂರು ದಿನಗಳೊಳಗೆ ಗಿಡವನ್ನು ಬಳಸಬೇಕು. ತಡವಾದರೆ ಪಟ್ಟೆಯೊಳಗಿನ ರಸ ಹುಳಿಯತೊಡಗಿ ನಾರಿನ ಬಣ್ಣ ಕಂದುತ್ತದೆ, ಕೆರೆಯುವುದೂ ಕಷ್ಟವಾಗುತ್ತದೆ. ತಳಿ ಯಾವುದಾದರೂ ಆದೀತು. ಎತ್ತರದ ಗಿಡದಲ್ಲಿ ಹೆಚ್ಚು ನಾರು ಸಿಗುತ್ತದೆ ಎಂಬುದಷ್ಟೇ ಲಾಭ. ಕಾಂಡದ ಮೇಲೆ ತೂತುಗಳಿದ್ದು ಅಂಟಿನಂಥ ರಸ ಒಸರಿದ್ದರೆ ಒಳಗೆ ಹುಳು ಕೊರೆದಿದೆಯೆಂದೇ ಅರ್ಥ. ಅಂಥ ಗಿಡದಲ್ಲಿ ನಾರು ಮಧ್ಯೆ ಮಧ್ಯೆ ತುಂಡಾಗಿರುತ್ತದೆ, ಅದನ್ನು ಬಿಡುವುದೇ ಲೇಸು. ಹಸಿ ಕಾಂಡದ ತೂಕದಲ್ಲಿ ಬಹುಪಾಲು ನೀರೇ. ನೂರು ಕಿಲೋ ಕಾಂಡಕ್ಕೆ ಒಣನಾರು ಒಂದು ಕಿಲೋ ಆಸುಪಾಸು ಸಿಕ್ಕೀತು. ಆದರೂ ಒಂದು ಟೇಬಲ್ ಮ್ಯಾಟಿಗೆ ಒಂದು ಗಿಡದ ನಾರು ಧಾರಾಳವಾಗಿ ಸಾಕಾಗಿ ಮಿಗುತ್ತದೆ.

ಹಳೆಯ ಬಟ್ಟೆ ಉಟ್ಟುಕೊಂಡೇ ಕೆಲಸಕ್ಕೆ ಇಳಿಯಬೇಕು, ಏಕೆಂದರೆ ಬಾಳೆಯ ಕರೆ ಹತ್ತಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಕಾಂಡವನ್ನು ಮೂರು ಅಡಿ ಉದ್ದದ ತುಂಡುಗಳಾಗಿ ಕಡಿದು, ಒಣಗಿದ ಪಟ್ಟೆಗಳನ್ನು ಕಿತ್ತು ಬದಿಗಿಟ್ಟು, ಹಸಿಪಟ್ಟೆಗಳನ್ನು ಹೊರಗಿನಿಂದ ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಬಿಡಿಸುವಾಗಲೇ ಮೂರು ರಾಶಿ ಮಾಡಿಕೊಳ್ಳುವುದು ಅಗತ್ಯ. ಹೊರಗಿನ ಮೂರು ನಾಲ್ಕು ಪಟ್ಟೆಗಳ ನಾರು ದಪ್ಪ, ಬಣ್ಣ ಕಂದು. ಅದು ಹಗ್ಗಕ್ಕೆ, ಚೀಲದ ಹಿಡಿಕೆಗೆ. ನಡುವಿನ ಪದರಗಳದು ಬಲವೂ ನಯವೂ ಸಮನಾಗಿ ಬೆರೆತ ನಾರು. ನಮ್ಮ ನೇಯ್ಗೆಗೆ ಬೇಕಾದದ್ದು ಇದೇ. ದಿಂಡಿಗೆ ಹತ್ತಿರದ ಪಟ್ಟೆಗಳಲ್ಲಿ ರೇಷ್ಮೆಯ ಹೊಳಪಿನ ತೆಳುನಾರು ಸಿಗುತ್ತದೆ, ಆದರೆ ಅದು ಬೇಗ ಹರಿಯುತ್ತದೆ; ಕೈ ಪಳಗಿದ ಮೇಲೆ ಬಳಸಲು ಎತ್ತಿಟ್ಟುಕೊಳ್ಳಬಹುದು. ಓಕಿನಾವಾದಲ್ಲಿ ಪದರಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೂರು ರಾಶಿಗಳನ್ನು ಬೆರೆಸಿ ನೇಯ್ದರೆ ಒರಟು ಎಳೆ ಇದ್ದಲ್ಲಿ ಬಟ್ಟೆ ಉಬ್ಬಿ, ತೆಳು ಎಳೆ ಇದ್ದಲ್ಲಿ ಸೊರಗಿ, ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಮಟ್ಟವಾಗುವುದಿಲ್ಲ. ದಿಂಡು ಸಿಕ್ಕಿತಲ್ಲ, ಅದನ್ನು ಅಡುಗೆಮನೆಗೆ ಕೊಟ್ಟುಬಿಡಿ.

ಕೆರೆಯುವುದು

ಒಂದು ಪಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದರ ದಪ್ಪದಲ್ಲಿ ಗಾಳಿ ತುಂಬಿದ ಗೂಡುಗಳ ಸಾಲೊಂದು ಕಾಣುತ್ತದೆ. ಆ ಸಾಲಿನ ಹೊರಬದಿಯ ಗಟ್ಟಿ ಪೊರೆಯಲ್ಲಿ ನಾರು ಒತ್ತಾಗಿರುತ್ತದೆ. ಒಳಬದಿಯ ತೆಳುಪೊರೆಯಲ್ಲಿ ಹೇಳಿಕೊಳ್ಳುವಷ್ಟು ನಾರಿಲ್ಲ. ಪಟ್ಟೆಯನ್ನು ಉದ್ದಕ್ಕೆ ಐದಾರು ಸೆಂಟಿಮೀಟರ್ ಅಗಲದ ಸೀಳುಗಳಾಗಿ ಸೀಳಿಕೊಂಡು, ಒಂದು ತುದಿಯಲ್ಲಿ ಈ ಎರಡು ಪೊರೆಗಳ ನಡುವೆ ಚಾಕುವಿನ ಮೊನೆ ತೂರಿಸಿ ಬಾಯಿ ಬಿಡಿಸಿ, ಒಳಪೊರೆಯನ್ನು ಕೈಯಿಂದ ಎಳೆದರೆ ಗೂಡುಗಳ ಸಮೇತ ಕಿತ್ತು ಬರುತ್ತದೆ. ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಇದನ್ನು ಮಾಡದೆ ಇಡೀ ಪಟ್ಟೆಯನ್ನೇ ಕೆರೆಯಲು ಕೂತವರು ಹೊತ್ತು ಮುಳುಗಿದರೂ ಎರಡನೆಯ ಪಟ್ಟೆಗೆ ಹೋಗಲಾರರು.

ಉಳಿದ ಹೊರಪೊರೆಯ ಸೀಳನ್ನು ನುಣುಪಾದ ಹಲಗೆಯ ಮೇಲೆ, ಸಿಪ್ಪೆ ಕೆಳಗಾಗಿ ತಿರುಳು ಮೇಲಾಗಿ ಇಟ್ಟು, ಒಂದು ತುದಿಯನ್ನು ಎಡಗೈಯಿಂದ ಅಥವಾ ಕ್ಲಿಪ್ಪಿನಿಂದ ಬಿಗಿಹಿಡಿದು, ಮೊಂಡು ಅಂಚಿನ ಪಟ್ಟಿಯಿಂದ ಮಧ್ಯದಿಂದ ತುದಿಯ ಕಡೆಗೆ ಕೆರೆಯಬೇಕು. ಬಿದಿರಿನ ಸೀಳು, ಸ್ಟೀಲಿನ ಅಳತೆಪಟ್ಟಿ, ಊಟದ ಚಾಕುವಿನ ಬೆನ್ನು, ಇವುಗಳಲ್ಲಿ ಯಾವುದಾದರೂ ಆದೀತು. ಹರಿತವಾದ ಅಂಚು ಮಾತ್ರ ಬೇಡ. ಹಳೆಯ ಕಬ್ಬಿಣದ ಕತ್ತಿಯನ್ನೂ ದೂರವಿಡಬೇಕು. ಬಾಳೆಯ ರಸದಲ್ಲಿರುವ ಚೊಗರು ಕಬ್ಬಿಣದೊಂದಿಗೆ ಸೇರಿದರೆ ನಾರಿನ ಮೇಲೆ ಬೂದುಗಪ್ಪು ಕಲೆಗಳು ಏಳುತ್ತವೆ. ಪಟ್ಟಿಯನ್ನು ಹಲಗೆಗೆ ನೆಟ್ಟಗೆ ಹಿಡಿಯದೆ, ಎಳೆಯುವ ದಿಕ್ಕಿಗೆ ಸ್ವಲ್ಪ ವಾಲಿಸಿ, ಮೊದಲ ಎರಡು ಮೂರು ಎಳೆತಗಳಲ್ಲಿ ಹಗುರವಾಗಿ, ಆಮೇಲೆ ಒತ್ತಡ ಕೊಟ್ಟು ಕೆರೆಯುತ್ತ ಹೋದಂತೆ ನೀರೂ ತಿರುಳೂ ಪಟ್ಟಿಯ ಮುಂದೆ ನೊರೆಯಾಗಿ ಕೂಡಿಕೊಳ್ಳುತ್ತವೆ, ಹಿಂದೆ ಬಿಳಿಯ ಗೆರೆಗಳು ತೆರೆದುಕೊಳ್ಳುತ್ತವೆ. ಅರ್ಧ ಶುದ್ಧವಾದ ಮೇಲೆ ಸೀಳನ್ನು ತಿರುಗಿಸಿ ಹಿಡಿದಿದ್ದ ತುದಿಯನ್ನು ಕೆರೆಯಬೇಕು, ಕೊನೆಗೆ ಮಗುಚಿಹಾಕಿ ಸಿಪ್ಪೆಯ ಬದಿಗೆ ಎರಡು ಎಳೆತ ಕೊಡಬೇಕು. ಹಿಡಿದು ಬೆಳಕಿಗೆ ಎತ್ತಿದಾಗ ನಾರುಗಳ ನಡುವೆ ಹಸಿರು ಪೊರೆ ಕಾಣಿಸಬಾರದು.

ಕೆರೆದ ನಾರನ್ನು ಕೂಡಲೇ ಎರಡು ಮೂರು ನೀರಿನಲ್ಲಿ ಜಾಲಾಡಿಸಿ, ಬುಡದ ತುದಿಗಳೆಲ್ಲ ಒಂದೇ ಕಡೆ ಬರುವಂತೆ ಹಿಡಿಗಟ್ಟಿ, ನೆರಳಿನಲ್ಲಿ ಹಗ್ಗದ ಮೇಲೆ ಇಳಿಬಿಡಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುವುದು ನಿಜ, ಆದರೆ ನಾರು ಹಳದಿಯಾಗಿ ಸೆಡೆಯುತ್ತದೆ. ಪುಂಡಿಯನ್ನೋ ಸೆಣಬನ್ನೋ ಕೆರೆಯಲ್ಲಿ ಮುಳುಗಿಸಿ ಕೊಳೆಸಿ ನಾರು ಬಿಡಿಸುವುದನ್ನು ಬಲ್ಲವರು ಬಾಳೆಗೂ ಅದೇ ಉಪಾಯ ಮಾಡಬಹುದಲ್ಲ ಎಂದುಕೊಳ್ಳುತ್ತಾರೆ. ಮಾಡಬಹುದು, ನಾರೂ ಬಿಡುತ್ತದೆ. ಆದರೆ ನೀರಿನಲ್ಲಿ ಒಂದೆರಡು ದಿನ ಹೆಚ್ಚಾದರೂ ಬಣ್ಣ ಕಪ್ಪಿಟ್ಟು ಬಲ ಕುಂದುತ್ತದೆ. ಕೈಯಿಂದ ಕೆರೆದದ್ದಕ್ಕೆ ಅದು ಸಮನಾಗದು.

ಬೂದಿನೀರು

ಕೆರೆದ ನಾರು ಹಾಗೆಯೇ ನೇಯಲು ಬರುತ್ತದೆ. ಮೆದು ಬೇಕೆಂದರೆ ಬೂದಿನೀರಿನಲ್ಲಿ ಕುದಿಸಬೇಕು. ಓಕಿನಾವಾದಲ್ಲಿ ಕೆರೆಯುವ ಮೊದಲೇ ಪಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಆಮೇಲೆ ಬಿದಿರಿನ ಇಕ್ಕಳದ ನಡುವೆ ಎಳೆದು ತಿರುಳು ಕಳೆಯುತ್ತಾರೆ. ಒಲೆಯ ಸೌದೆಬೂದಿಯನ್ನು ಜರಡಿ ಹಿಡಿದು ನೀರಿಗೆ ಹಾಕಿ ಕದಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಂಡರೆ ಬೂದಿನೀರು ಸಿದ್ಧ. ಒಂದು ಹನಿಯನ್ನು ಬೆರಳ ನಡುವೆ ಉಜ್ಜಿದಾಗ ಸೋಪಿನ ಜಾರು ಕಂಡರೆ ಸಾಕಷ್ಟು ಕ್ಷಾರವಾಗಿದೆ; ಪರೀಕ್ಷೆ ಮುಗಿದೊಡನೆ ಕೈ ತೊಳೆದುಕೊಂಡು, ಮುಂದಿನ ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿಕೊಳ್ಳಬೇಕು. ಪಾತ್ರೆ ಸ್ಟೀಲಿನದೇ ಇರಲಿ, ಏಕೆಂದರೆ ಅಲ್ಯುಮಿನಿಯಂ ಪಾತ್ರೆಯನ್ನು ಈ ನೀರು ತಿಂದುಹಾಕುತ್ತದೆ. ಅರ್ಧ ಗಂಟೆ ಕುದಿಸಿ ಒಂದು ಎಳೆಯನ್ನು ತೆಗೆದು ಬಾಗಿಸಿ ನೋಡಿ, ಮೆತ್ತಗಾಗಿದ್ದರೆ ಇಳಿಸಬೇಕು. ಹೆಚ್ಚು ಕುದಿಸಿದಷ್ಟೂ ನಾರು ಸೊರಗುತ್ತದೆ. ಚೆನ್ನಾಗಿ ತೊಳೆದ ಮೇಲೆ, ಬಕೆಟ್ ನೀರಿಗೆ ಒಂದೆರಡು ಚಮಚ ವಿನೆಗರ್ ಬೆರೆಸಿ ಅದರಲ್ಲಿ ಅದ್ದಿದರೆ ಉಳಿದ ಕ್ಷಾರ ಇಳಿಯುತ್ತದೆ. ಓಕಿನಾವಾದವರು ನೇಯ್ದು ಮುಗಿಸಿದ ಬಟ್ಟೆಗೆ ಇದನ್ನೇ ಹುಳಿ ಬರಿಸಿದ ಅಕ್ಕಿಗಂಜಿಯಿಂದ ಮಾಡುತ್ತಾರೆ.

ಬಣ್ಣ ಕಟ್ಟುವುದಿದ್ದರೆ ಅದು ಈ ಹಂತದಲ್ಲಿ ಆಗಬೇಕು. ಸಸ್ಯನಾರಿಗೆ ಬಣ್ಣ ನಿಲ್ಲಬೇಕಾದರೆ ಮೊದಲು ಚೊಗರು, ಆಮೇಲೆ ಪಟಿಕ ಎಂಬ ಕ್ರಮ ತಪ್ಪಬಾರದು: ಅಳಲೆಕಾಯಿಯ ಪುಡಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ನಾರಿನ ತೂಕದ ಶೇಕಡಾ 15ರಷ್ಟು ಪಟಿಕ ಕರಗಿಸಿದ ನೀರಿನಲ್ಲಿ ಅದ್ದಿಟ್ಟು, ಆಮೇಲೆ ಬಣ್ಣದ ಕಷಾಯಕ್ಕೆ ಇಳಿಸಬೇಕು. ದಾಳಿಂಬೆ ಸಿಪ್ಪೆಯಿಂದ ಹಳದಿ, ಮಂಜಿಷ್ಠದ ಬೇರಿನಿಂದ ಕೆಂಪು ಸಿಗುತ್ತವೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಎಂಬ ಕೈಮಗ್ಗ ಸಂಸ್ಥೆಯವರು ಹತ್ತಿಗೆ ಹಾಕುವ ಅಡಿಕೆ ಚೊಗರಿನ ಕಂದುಗೆಂಪು ಬಾಳೆನಾರಿಗೂ ಚೆನ್ನಾಗಿ ಒಪ್ಪುತ್ತದೆ. ಅರಿಸಿನದ ಬಣ್ಣ ಮಾತ್ರ ಬೆಳಕಿಗೆ ಹಾರಿಹೋಗುತ್ತದೆ. ನನ್ನ ಕೇಳಿದರೆ, ಮೊದಲ ಬಟ್ಟೆಗೆ ಬಣ್ಣವೇ ಬೇಡ. ಬಾಳೆನಾರಿನ ಸ್ವಂತ ಬಣ್ಣವೇ ಸಾಕಷ್ಟು ಚೆಂದವಾಗಿದೆ.

ಗಂಟು

ಒಣಗಿದ ಹಿಡಿಯನ್ನು ಬಾಚಣಿಗೆಯಿಂದ ಒಮ್ಮೆ ಬಾಚಿ, ಒದ್ದೆಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟು, ಮೂರು ನಾಲ್ಕು ನಾರುಗಳನ್ನು ಸೇರಿಸಿ ಒಂದು ಎಳೆಯಾಗಿ ತೆಗೆದುಕೊಳ್ಳಬೇಕು. ಎಳೆಗಳ ದಪ್ಪ ಒಂದೇ ಸಮ ಇರುವಂತೆ ಆರಿಸುವುದಕ್ಕೆ ಕಣ್ಣಿಗಿಂತ ಬೆರಳು ಹೆಚ್ಚು ನಂಬಿಕೆಯದು. ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯನ್ನು ಜಾರಿಸಿದರೆ ಏರುಪೇರು ತಟ್ಟನೆ ತಿಳಿಯುತ್ತದೆ.

ಜೋಡಿಸಲು ನೇಕಾರರ ಗಂಟು ಬೇಕು. ಮೊದಲ ಎಳೆಯ ತುದಿಯನ್ನು ಹಿಂದಕ್ಕೆ ಮಡಿಸಿ ಎಡಗೈಯಲ್ಲಿ ಒಂದು ಕುಣಿಕೆ ಹಿಡಿಯಬೇಕು. ಎರಡನೆಯ ಎಳೆಯ ತುದಿಯನ್ನು ಆ ಕುಣಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಕುಣಿಕೆಯ ಎರಡೂ ಕಾಲುಗಳ ಹಿಂದಿನಿಂದ ಸುತ್ತಿಸಿ, ಮತ್ತೆ ಮುಂದಕ್ಕೆ ತಂದು, ತನ್ನದೇ ಎಳೆಯ ಅಡಿಯಲ್ಲಿ ತೂರಿಸಿ, ಎರಡೂ ಕಡೆ ನಿಧಾನವಾಗಿ ಎಳೆದರೆ ಗಂಟು ಕೂರುತ್ತದೆ. ಈ ಗಂಟು ಸಣ್ಣದು, ಚಪ್ಪಟೆಯಾದದ್ದು, ಎಳೆದಷ್ಟೂ ಬಿಗಿಯಾಗುತ್ತದೆ. ಸಾಮಾನ್ಯ ಮನೆಗಂಟು ಹಾಕಿದರೆ ಗುಬುಟು ದೊಡ್ಡದಾಗಿ ಹಾಸಿನ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ಗಂಟನ್ನು ಬಿಗಿಯುವ ಮುನ್ನ ಬೆರಳ ತುದಿಯಿಂದ ನೀರು ಹಚ್ಚಬೇಕು, ಒಣನಾರು ಕುಣಿಕೆಯ ತಿರುವಿನಲ್ಲಿ ಮುರಿಯುತ್ತದೆ. ಬಾಲಗಳನ್ನು ಎರಡು ಮಿಲಿಮೀಟರಿಗೆ ಕತ್ತರಿಸಬೇಕು; ಅದಕ್ಕಿಂತ ಗಿಡ್ಡವಾದರೆ ಬಿಚ್ಚಿಕೊಳ್ಳುವ ಭಯ, ಉದ್ದವಾದರೆ ಬಟ್ಟೆಯ ಮೇಲೆ ಮೀಸೆ.

ಸೆಂಟಿಮೀಟರಿಗೆ ಆರು ಹೊಕ್ಕುಗಳಂತೆ ನಮ್ಮ ಅಳತೆಯ ಬಟ್ಟೆಗೆ ಸುಮಾರು 270 ಹೊಕ್ಕು, ಅಂದರೆ ತಿರುವುಗಳೂ ಸೇರಿ 90 ಮೀಟರಿನಷ್ಟು ಎಳೆ ಬೇಕಾಗುತ್ತದೆ. ಒಂದೊಂದು ಎಳೆಯಿಂದ 80 ಸೆಂಟಿಮೀಟರ್ ಬಳಕೆಗೆ ಬಂದರೆ ನೂರಕ್ಕೂ ಹೆಚ್ಚು ಗಂಟುಗಳಾದವು. ಗಂಟು ಹಾಕಿದ ಎಳೆಯನ್ನು ನೆಲದ ಮೇಲೆ ಗುಡ್ಡೆ ಹಾಕದೆ ಆಗಿಂದಾಗ್ಗೆ ಒಂದು ಕೋಲಿಗೆ ಸುತ್ತುತ್ತ ಹೋಗಬೇಕು, ಇಲ್ಲವಾದರೆ ಗೋಜಲು ಬಿಡಿಸುವುದೇ ಒಂದು ಪ್ರತ್ಯೇಕ ಕಸುಬಾದೀತು. ಬಾಳೆನಾರಿನದೆಂದು ಹೇಳಿ ಮಾರುವ ಕೈಮಗ್ಗದ ಬಟ್ಟೆ ಕೊಳ್ಳುವವರು ಹಿಂಬದಿಯಲ್ಲಿ ಬೆರಳಾಡಿಸಿ ನೋಡಬಹುದು: ಕೈಯಿಂದ ಜೋಡಿಸಿದ ಎಳೆಯಾದರೆ ಅಲ್ಲಲ್ಲಿ ಈ ಗಂಟುಗಳು ಸಿಗಲೇಬೇಕು.

ಮಗ್ಗ ಮತ್ತು ನೇಯ್ಗೆ

ಒಳ ಅಳತೆ 60ಕ್ಕೆ 40 ಸೆಂಟಿಮೀಟರ್ ಇರುವ ಮರದ ಚೌಕಟ್ಟು ಮಾಡಿಸಿಕೊಂಡು, ಗಿಡ್ಡ ಬದಿಗಳೆರಡರಲ್ಲೂ ನಡುವಿನ 30 ಸೆಂಟಿಮೀಟರಿನಲ್ಲಿ ಅರ್ಧ ಸೆಂಟಿಮೀಟರಿಗೊಂದರಂತೆ ತಲೆಯಿಲ್ಲದ ಸಣ್ಣ ಮೊಳೆಗಳನ್ನು ಬಡಿಯಬೇಕು. ಮರ ಸೀಳದಿರಲು ಮೊಳೆಗಳನ್ನು ಒಂದೇ ಸಾಲಿನಲ್ಲಿ ಬಡಿಯದೆ ಒಂದು ಮುಂದೆ, ಒಂದು ಹಿಂದೆ ಬಡಿಯುವುದು ಜಾಣತನ. ಗಟ್ಟಿಯಾದ ಹತ್ತಿಯ ಜೋಡಿನೂಲನ್ನು ಮೊದಲ ಮೊಳೆಗೆ ಕಟ್ಟಿ, ಮೇಲೆ ಕೆಳಗೆ ಒಂದೊಂದು ಮೊಳೆಯನ್ನು ಬಳಸುತ್ತ ಕೊನೆಯವರೆಗೆ ಒಯ್ದರೆ ಒಂದೊಂದು ಮೊಳೆಗೆ ಎರಡರಂತೆ, ಸೆಂಟಿಮೀಟರಿಗೆ ನಾಲ್ಕು ಎಳೆಗಳ ಹಾಸು ಸಿದ್ಧವಾಗುತ್ತದೆ; ಇದಕ್ಕೆ ಸುಮಾರು 75 ಮೀಟರ್ ನೂಲು ಬೇಕು. ಎಲ್ಲ ಎಳೆಗಳ ಬಿಗಿ ಒಂದೇ ಸಮ ಇರಬೇಕು, ಬೆರಳಿನಿಂದ ಮೀಟಿದರೆ ಯಾವ ಎಳೆಯೂ ಜೋಲಬಾರದು.

ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಎಂಬಂತೆ ಮೂರು ಸೆಂಟಿಮೀಟರ್ ಅಗಲದ ಚಪ್ಪಟೆ ಪಟ್ಟಿಯೊಂದನ್ನು ಹಾಸಿನ ಅಡ್ಡಕ್ಕೆ ತೂರಿಸಿ, ನೇಯುವವರಿಂದ ದೂರದ ತುದಿಗೆ ಸರಿಸಿಡಬೇಕು. ಆ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅರ್ಧ ಎಳೆಗಳು ಮೇಲೆದ್ದು ಹೊಕ್ಕಿನ ಎಳೆ ಒಯ್ಯುವ ಲಾಳಿಗೆ ದಾರಿಯಾಗುತ್ತದೆ. ಉಳಿದ ಅರ್ಧವನ್ನು ಎತ್ತಲು, ಪಟ್ಟಿಯ ಕೆಳಗೆ ಉಳಿದ ಒಂದೊಂದು ಎಳೆಗೂ ದಾರದ ಕುಣಿಕೆ ಹಾಕಿ, ಅವೆಲ್ಲವನ್ನೂ ಹಾಸಿನ ಮೇಲಿರುವ ಒಂದು ದುಂಡುಕೋಲಿಗೆ ಒಂದೇ ಎತ್ತರದಲ್ಲಿ ಕಟ್ಟಬೇಕು. ಪಟ್ಟಿಯನ್ನು ಮಲಗಿಸಿ ಈ ಕೋಲನ್ನು ಎತ್ತಿದರೆ ಎರಡನೆಯ ದಾರಿ ತೆರೆಯುತ್ತದೆ. ಕುಣಿಕೆ ಕಟ್ಟುವಾಗ ಬೇಸರವೆನಿಸಿದರೂ ಅದು ಒಮ್ಮೆಯ ಕೆಲಸ. ಅದಿಲ್ಲದೆ 270 ಹೊಕ್ಕುಗಳನ್ನೂ ಬೆರಳಿನಿಂದ ಎಣಿಸಿ ತೂರಿಸಬೇಕಾಗುತ್ತದೆ.

ಮೊದಲ ಒಂದು ಸೆಂಟಿಮೀಟರನ್ನು ಹತ್ತಿಯಲ್ಲೇ ನೇಯ್ದು ಅಂಚು ಭದ್ರಪಡಿಸಿಕೊಂಡ ಮೇಲೆ ಬಾಳೆಯ ಹೊಕ್ಕನ್ನು ಹಿಡಿಯಬೇಕು. ಎರಡು ತುದಿಗಳಲ್ಲಿ ಕಚ್ಚು ಹಾಕಿದ ಚಪ್ಪಟೆ ಕೋಲೇ ಇಲ್ಲಿ ಲಾಳಿ. ಅದಕ್ಕೆ ಸುತ್ತಿದ ಎಳೆ ನೇಯುವಾಗ ತೇವವಾಗಿರಬೇಕು, ತೊಟ್ಟಿಕ್ಕಬಾರದು. ಪಕ್ಕದಲ್ಲಿ ನೀರು ಸಿಂಪಡಿಸುವ ಬಾಟಲಿ ಇಟ್ಟುಕೊಂಡರೆ ಅನುಕೂಲ. ಒಣಗಿದ ಬಾಳೆನಾರು ಅಂಚಿನ ತಿರುವಿನಲ್ಲಿ ಮಣಿಯದೆ ಕಿವಿಯಂತೆ ಹೊರಗೆ ಚಾಚಿಕೊಳ್ಳುತ್ತದೆ, ಇಲ್ಲವೇ ಅಲ್ಲಿಯೇ ತುಂಡಾಗುತ್ತದೆ. ಪ್ರತಿ ಹೊಕ್ಕನ್ನೂ ನೇರವಾಗಿ ಬಿಗಿಯದೆ ಹಾಸಿನ ನಡುವೆ ಕಮಾನು ಬರುವಂತೆ ಬಿಟ್ಟು, ಆಮೇಲೆ ಮರದ ಬಾಚಣಿಗೆಯಿಂದ ನಡುವಿನಿಂದ ಬದಿಗಳ ಕಡೆಗೆ ತಟ್ಟಿ ಕೂರಿಸಿದರೆ ಬಟ್ಟೆಯ ಸೊಂಟ ಒಳಕ್ಕೆ ಸೇದಿಕೊಳ್ಳುವುದಿಲ್ಲ. ಗಂಟು ಎದುರಾದಾಗ ಅದನ್ನು ಹಿಂಬದಿಗೆ ತಳ್ಳಬೇಕು. ಸರಿಯಾಗಿ ಅಂಚಿಗೇ ಬಂದರೆ ಎಳೆಯನ್ನು ಎರಡು ಬೆರಳಿನಷ್ಟು ಹಿಂದೆ ಕತ್ತರಿಸಿ ಮತ್ತೆ ಗಂಟಿಕ್ಕುವುದೇ ಕ್ಷೇಮ. ಕೆಲಸ ನಿಲ್ಲಿಸಿ ಏಳುವಾಗ ಮಗ್ಗದ ಮೇಲಿನ ತೇವ ಆರುವಂತೆ ಗಾಳಿಗೆ ಇಡಬೇಕು, ಹಸಿಯಾಗಿಯೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಓಕಿನಾವಾದ ನೇಕಾರರಿಗೆ ಮಳೆಗಾಲದ ತೇವವೇ ಇಷ್ಟ, ಏಕೆಂದರೆ ಒಣಹವೆಯಲ್ಲಿ ಎಳೆ ಹೆಜ್ಜೆ ಹೆಜ್ಜೆಗೂ ಹರಿಯುತ್ತದೆ. ನಮ್ಮ ಕಡೆ ಶಿವರಾತ್ರಿಯ ಆಸುಪಾಸಿನಲ್ಲಿ ನಾರು ತೆಗೆದು ಒಣಗಿಸಿಟ್ಟುಕೊಂಡು, ಆಷಾಢದಲ್ಲಿ ನೇಯಲು ಕೂರುವುದು ಹದವಾದ ಏರ್ಪಾಡು. ಬಯಲುಸೀಮೆಯ ಬೇಸಿಗೆಯಲ್ಲಿ ನೇಯಲೇಬೇಕೆಂದಿದ್ದರೆ ಫ್ಯಾನ್ ಆರಿಸಿ, ಬೆಳಗಿನ ಹೊತ್ತಿನಲ್ಲಿ ನೇಯಿರಿ.

ನೇಯ್ಗೆ 45 ಸೆಂಟಿಮೀಟರ್ ಮುಟ್ಟಿದ ಮೇಲೆ ಮತ್ತೆ ಒಂದು ಸೆಂಟಿಮೀಟರ್ ಹತ್ತಿಯಲ್ಲಿ ನೇಯ್ದು, ಹಾಸನ್ನು ಮೊಳೆಗಳಿಂದ ಬಿಡಿಸಿ, ನಾಲ್ಕು ನಾಲ್ಕು ಎಳೆಗಳಿಗೊಂದು ಕುಚ್ಚು ಕಟ್ಟಬೇಕು. ತೇವವಿದ್ದಾಗಲೇ ಮೇಲೊಂದು ಹತ್ತಿಬಟ್ಟೆ ಹಾಸಿ ಇಸ್ತ್ರಿ ಹಾಕಿದರೆ ಬಟ್ಟೆ ಮಟ್ಟವಾಗಿ ಹೊಳಪೇರುತ್ತದೆ. ಒಗೆಯುವಾಗ ತಣ್ಣೀರಿನಲ್ಲಿ ಅಂಟುವಾಳದ ನೊರೆ ಸಾಕು. ಹಿಂಡದೆ, ಕುಕ್ಕದೆ, ಟವೆಲಿನ ನಡುವೆ ಒತ್ತಿ ನೀರು ತೆಗೆದು ನೆರಳಿನಲ್ಲಿ ಹರಡಬೇಕು. ಎತ್ತಿಡುವಾಗ ಮಡಿಸದೆ ಸುರುಳಿ ಸುತ್ತಬೇಕು, ಏಕೆಂದರೆ ಒಂದೇ ಮಡಿಕೆಯಲ್ಲಿ ಮತ್ತೆ ಮತ್ತೆ ಮಡಿಸಿದ ಬಾಳೆನಾರು ಮೊದಲು ಹರಿಯುವುದು ಆ ಗೆರೆಯಲ್ಲಿಯೇ.